ದೊಡ್ಡಮ್ಮನ ಕೈಗೆ ಸಿಗದ ಡಬ್ಬಿ

ನನ್ನ ಗಂಟಲಿನೊಳಗೆ ಅರ್ಧ ಮಧುಗಿರಿ ವಾಸವಾಗಿದೆ. ಶಿರಾ ಬಸ್ಸಿನ ಕಂಡಕ್ಟರು, ಪೇಟೆ ಬೀದಿಯ ಹೂವಮ್ಮ, ನಮ್ಮ ಕಾಲೇಜಿನ ಪ್ರಿನ್ಸಿಪಾಲರು, ಸೀನುವಾಗ ಮೂರನೇ ಮನೆಗೂ ಕೇಳುವಂತೆ ಸೀನುವ ಎದುರುಮನೆಯ ತಾತ, ಎಲ್ಲರೂ ಅಲ್ಲಿದ್ದಾರೆ. ಅವರನ್ನು ನಾನು ಕರೆಯಬೇಕಾಗಿಲ್ಲ, ಬಾಯಿ ತೆರೆದರೆ ತಾವೇ ಈಚೆಗೆ ಬರುತ್ತಾರೆ. ಒಮ್ಮೆ ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿದೆ. ಹಿರಿಯ ಮೇಷ್ಟರೊಬ್ಬರು ಆಗಲೇ ಚೀಲ ಹೆಗಲಿಗೇರಿಸಿ ಗೇಟು ದಾಟಿದ್ದರು. ಅವರನ್ನು ವಾಪಸು ಕರೆತರಲು ನನ್ನ ಸ್ವಂತ ದನಿಯಲ್ಲಿ ಕೂಗಿದರೆ ನಂಬಲಿಲ್ಲ, ಮತ್ತೆ ಪ್ರಿನ್ಸಿಪಾಲರಾಗಿಯೇ ಕೂಗಬೇಕಾಯಿತು.

ಕೊರಟಗೆರೆಯ ಡಿಗ್ರಿ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಸೈನ್ಸ್ ಹೇಳಿಕೊಡುವ ಅತಿಥಿ ಉಪನ್ಯಾಸಕ. ಅತಿಥಿ ಅಂತ ಹೆಸರು, ಊಟದ ಡಬ್ಬಿ ಮಾತ್ರ ಮನೆಯಿಂದಲೇ ಒಯ್ಯಬೇಕು. ಬೆಳಿಗ್ಗೆ ಮಧುಗಿರಿಯಲ್ಲಿ ಪ್ರೈವೇಟ್ ಬಸ್ಸು ಹತ್ತಿದರೆ ಸಂಜೆ ಮತ್ತೆ ಅದೇ ಬಸ್ಸಿನಲ್ಲಿ ವಾಪಸು. ಬಂದವನು ಮನೆಗೆ ಹೋಗುವ ಮೊದಲು ದೊಡ್ಡಮ್ಮನ ಅಂಗಡಿಯಲ್ಲಿ ಕೂರುತ್ತೇನೆ. ಅದು ಗ್ರಂದಿಗೆ ಅಂಗಡಿ. ಊದುಬತ್ತಿ, ವಿಭೂತಿ, ಕರ್ಪೂರದ ಜೊತೆಗೆ ಬೇರು, ತೊಗಟೆ, ಕಾಯಿ, ಪುಡಿ, ಎಲ್ಲ ಸಿಗುತ್ತದೆ. ಅವಳ ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದಿನದೇ ಅಡುಗೆಮನೆ.

ಆ ವರ್ಷ ನಾನು ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುತ್ತಿದ್ದೆ. ಕಂಪ್ಯೂಟರಿನಲ್ಲಿ ನಡೆಯುವ ಒಂದೊಂದು ಪ್ರೋಗ್ರಾಮಿಗೂ ಮೆಮೊರಿಯಲ್ಲಿ ಅದರದೇ ಮನೆ ಇರುತ್ತದೆ, ಒಂದರ ಮನೆಯೊಳಕ್ಕೆ ಇನ್ನೊಂದು ಇಣುಕುವ ಹಾಗಿಲ್ಲ ಎಂದು ಹೇಳಿದೆ. ಈ ಮನೆಗಳನ್ನೆಲ್ಲ ಹಂಚಿ ಕಾಯುವ ಯಜಮಾನನೇ ಕರ್ನಲ್. ಅವನ ಕೈಯಲ್ಲಿರುವ ನಕ್ಷೆಯಲ್ಲಿ ಮಾತ್ರ ಎಲ್ಲರ ಮನೆಯೂ, ಎಲ್ಲರ ಪೆಟ್ಟಿಗೆಯೂ ಕಾಣುತ್ತವೆ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಹಿಂದಿನ ದಿನ ಫೋನಿನಲ್ಲಿ ಏನೋ ಓದಿದ್ದೆ, ಓದಿದ್ದನ್ನು ಹೊರಹಾಕದಿದ್ದರೆ ನನಗೆ ಹೊಟ್ಟೆ ಉಬ್ಬರ. ಈಗೀಗ ಆ ಯಜಮಾನನಿಗೂ ಪೂರ್ತಿ ನಕ್ಷೆ ಕೊಡಬಾರದು ಅನ್ನುತ್ತಿದ್ದಾರೆ, ದಿನದ ಕೆಲಸಕ್ಕೆ ಗುಟ್ಟುಗಳೇ ಇಲ್ಲದ ಒಂದು ಚಿಕ್ಕ ನಕ್ಷೆ, ತೀರಾ ಬೇಕಾದಾಗ ಮಾತ್ರ ದೊಡ್ಡದು, ಎಂದು ಜಂಬದಿಂದ ಹೇಳಿಬಿಟ್ಟೆ.

ಪಾವಗಡದ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ವಳ್ಳೂರಿನವಳು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳ ಕನ್ನಡದೊಳಗೆ ತೆಲುಗು ಯಾವಾಗ ಹತ್ತಿ ಯಾವಾಗ ಇಳಿಯುತ್ತದೋ ಅವಳಿಗೂ ಗೊತ್ತಾಗುವುದಿಲ್ಲ.

"ಯಜಮಾನಂಗೇ ಒಂದು ರೂಮಿಗೆ ಬೀಗ ಹಾಕಿದ್ರೆ ಎಟ್ಲಾ ಸಾರ್? ಬೀಗದ ಕೈನೂ ಅವನ ಸೊಂಟದಾಗೇ ಇರ್ತದಲ್ಲ? ಅವನಿಂದ ಅವನೇ ಏನು ಮುಚ್ಚಿಡಬೇಕು?"

ಪ್ರಿನ್ಸಿಪಾಲರ ದನಿಯಲ್ಲಿ, ಇದು ಸಿಲಬಸ್ಸಿನಲ್ಲಿ ಇಲ್ಲದ ಪ್ರಶ್ನೆ, ಅಂದೆ. ತರಗತಿ ನಕ್ಕಿತು. ಅವಳು ನಗಲಿಲ್ಲ, ಕೂರಲೂ ಇಲ್ಲ, ಗಂಟೆ ಹೊಡೆಯುವವರೆಗೂ ಹಾಗೇ ನೋಡುತ್ತಿದ್ದಳು. ನಕ್ಕು ತಳ್ಳಿಬಿಡಬಹುದಾದ ಪ್ರಶ್ನೆ ಅದಲ್ಲ ಎಂದು ಬಸ್ಸಿನಲ್ಲಿ ಗೊತ್ತಾಯಿತು, ಏಕೆಂದರೆ ಅದು ನನ್ನ ಜೊತೆಗೇ ಹತ್ತಿ ಕಿಟಕಿ ಪಕ್ಕ ಕೂತಿತ್ತು.

ದಾರಿಯುದ್ದಕ್ಕೂ ಓದಿದೆ. ತಿಳಿದದ್ದು ಇಷ್ಟು. ಕಂಪ್ಯೂಟರಿನ ಪ್ರೊಸೆಸರಿಗೆ ಕಾಯುವುದೆಂದರೆ ಆಗದು. ಮುಂದೆ ಏನು ಕೇಳಬಹುದು ಎಂದು ಊಹಿಸಿ ಕೇಳುವ ಮೊದಲೇ ಮಾಡಿಟ್ಟಿರುತ್ತದೆ. ಊಹೆ ತಪ್ಪಾದರೆ ಮಾಡಿದ್ದನ್ನು ಬಿಸಾಕುತ್ತದೆ, ಉತ್ತರ ಯಾರ ಕೈಗೂ ಹೋಗುವುದಿಲ್ಲ. ಆದರೂ ಊಹಿಸುವಾಗ ಕೈ ಎಲ್ಲೆಲ್ಲಿ ಆಡಿತೋ ಅದರ ಗುರುತು ಉಳಿಯುತ್ತದೆ, ಆ ಗುರುತಿನಿಂದ ಗುಟ್ಟು ಸೋರುತ್ತದೆ. ಓದಿದೆ, ಒಪ್ಪಲಿಲ್ಲ. ಕೊಡದೇ ಇದ್ದ ವಸ್ತುವಿನಿಂದ ಗುಟ್ಟು ಸೋರುವುದು ಹೇಗೆ? ಕಂಡಕ್ಟರು, "ಉತರೋ ಸಾಮಿ, ಮಧುಗಿರಿ ಬಂತು, ಜಲ್ದಿ" ಅಂದ. ಅವನ ದನಿಯಲ್ಲೇ ಅವನಿಗೆ ಸಲಾಮ್ ಹೇಳಿ ಇಳಿದೆ.

ದೊಡ್ಡಮ್ಮನ ಅಂಗಡಿಯ ಕ್ರಮ ಹೇಳಬೇಕು. ಗೋಡೆಯುದ್ದಕ್ಕೂ ಅಟ್ಟದವರೆಗೆ ಒಂದೇ ಥರದ ತಗಡಿನ ಡಬ್ಬಿಗಳು. ಯಾವುದರ ಮೇಲೂ ಚೀಟಿಯಿಲ್ಲ, ಎಲ್ಲ ಅವಳ ಕೈಗೆ ಗೊತ್ತು. ಗಲ್ಲೆಯ ಒಳಗಡೆ, ಗಿರಾಕಿಗೆ ಕಾಣದ ಹಾಗೆ, ತಕ್ಕಡಿ ಪಕ್ಕ ಒಂದು ಹಲಗೆಯಿದೆ. ಈಗ ತಾನೇ ತೆಗೆದ ಡಬ್ಬಿಯನ್ನು ಅವಳು ಮೇಲಿಡುವುದಿಲ್ಲ, ಆ ಹಲಗೆಯ ಮೇಲೇ ಬಿಡುತ್ತಾಳೆ. ಮತ್ತೆ ಯಾರಾದರೂ ಅದನ್ನೇ ಕೇಳಿದರೆ ಕೂತಲ್ಲೇ ಕೈಗೆ ಸಿಗಬೇಕು. ದೀಪ ಹಚ್ಚುವ ಹೊತ್ತಿಗೆ ಎಲ್ಲವನ್ನೂ ಅವುಗಳ ಜಾಗಕ್ಕೆ ಸೇರಿಸುವುದು ವಾಡಿಕೆ. ಇನ್ನೊಂದು ಹೆಮ್ಮೆಯೂ ಅವಳಿಗಿತ್ತು. ಬೀದಿ ತಿರುವಿನಲ್ಲಿ ಗಿರಾಕಿ ಕಂಡರೆ ಸಾಕು, ಅವರಿಗೆ ಇಂಥದೇ ಬೇಕು ಎಂದು ಊಹಿಸಿ ಡಬ್ಬಿ ಇಳಿಸಿಟ್ಟಿರುತ್ತಿದ್ದಳು. ಬಂದವರು ಬಾಯಿ ತೆರೆಯುವುದರೊಳಗೆ ಪೊಟ್ಟಣ ಸಿದ್ಧ.

ಬಾಯಿಯ ವಿಷಯದಲ್ಲಿ ಮಾತ್ರ ದೊಡ್ಡಮ್ಮ ಕಲ್ಲು. ಗ್ರಂದಿಗೆ ಅಂಗಡಿಗೆ ಬರುವ ಹೆಂಗಸರಿಗೆ ನೂರು ಕಾರಣವಿರುತ್ತದೆ, ಅರ್ಧ ಮಾತಿನಲ್ಲಿ ಕೇಳುತ್ತಾರೆ. "ಅದೇ ಸಾಮಾನು ಕಣಮ್ಮ" ಅಂದರೆ ಅವಳಿಗೆ ಅರ್ಥವಾಗುತ್ತದೆ. ಯಾರು ಏನು ಒಯ್ದರು ಎಂದು ಯಾರು ಕೇಳಿದರೂ ಅವಳ ಉತ್ತರ ಒಂದೇ, ಊದುಬತ್ತಿ. ಅವಳ ಲೆಕ್ಕದಲ್ಲಿ ಈ ತಾಲ್ಲೂಕಿನ ಹೆಂಗಸರು ಊದುಬತ್ತಿ ಬಿಟ್ಟರೆ ಬೇರೇನೂ ಕೊಂಡಿಲ್ಲ.

ಆ ಸಂಜೆ ನಾನು ಹೋದಾಗ ಟೀಚರಮ್ಮ ಅಂಗಡಿಯಿಂದ ಇಳಿಯುತ್ತಿದ್ದರು. ಶಿರಾದಲ್ಲಿ ಪ್ರೈಮರಿ ಶಾಲೆಯ ಟೀಚರು. ತೌರು ಇಲ್ಲೇ ಹತ್ತಿರ, ಅವರ ತಾಯಿಯ ಕಾಲದಿಂದಲೂ ನಮ್ಮ ಅಂಗಡಿಯ ಗಿರಾಕಿ. ಗಂಡನ ಅಣ್ಣನ ಮನೆ ಮಧುಗಿರಿಯಲ್ಲೇ, ನಮ್ಮ ಹಿಂದಿನ ಬೀದಿಯಲ್ಲಿ, ಹಾಗಾಗಿ ಓರಗಿತ್ತಿಯನ್ನು ನೋಡುವ ನೆಪದಲ್ಲಿ ಆಗಾಗ ಬರುತ್ತಿದ್ದರು. ಅವರು ಕಂಡರೆ ನನಗೆ ಹಬ್ಬ. ಮಕ್ಕಳಿಗೆ ಮಗ್ಗಿ ಹೇಳಿಸುವ ರಾಗದಲ್ಲೇ ದೊಡ್ಡವರ ಜೊತೆಯೂ ಮಾತಾಡುತ್ತಾರೆ, ಕೊನೆಯ ಅಕ್ಷರವನ್ನು ಎಳೆದು, ನಾವು ಪೂರ್ತಿ ಮಾಡಲಿ ಎಂದು ಕಾಯುತ್ತಾರೆ.

ಅವರು ಹೋದ ಮೇಲೆ ನನಗೆ ಆಟ ಹೊಳೆಯಿತು. ಬಸ್ಸಿನಲ್ಲಿ ಓದಿದ್ದು ನಿಜವೋ ಸುಳ್ಳೋ ನೋಡೋಣ. ಗಲ್ಲೆಯ ಹೊರಗೆ ಗಿರಾಕಿಯಂತೆ ನಿಂತು ಕಂಡಕ್ಟರನ ದನಿಯಲ್ಲಿ, ಅಮ್ಮಾ, ಒಂದಿಷ್ಟು ಬಜೆ ಕೊಡಿ ಅಂದೆ. ದೊಡ್ಡಮ್ಮ ಮುಖ ಸಿಂಡರಿಸಿದಳು, ಆದರೂ ಎದ್ದು ಸ್ಟೂಲು ಹತ್ತಿದಳು. ತಡವಾಯಿತು. ಅಂದರೆ ಬಜೆಯನ್ನು ಈಗ ಯಾರೂ ಒಯ್ದಿಲ್ಲ. ತಾತನ ದನಿಯಲ್ಲಿ ಸೀನಿ ಹಿಪ್ಪಲಿ ಕೇಳಿದೆ. ಮತ್ತೆ ಸ್ಟೂಲು. ಹೂವಮ್ಮನಾಗಿ ನೆಲ್ಲಿ ಅಡಕೆ ಕೇಳಿದೆ, ಅದೇ, ಒಣಗಿಸಿದ ನೆಲ್ಲಿಯ ಚೂರು. ಕೂತಲ್ಲಿಂದಲೇ ಕೈ ಚಾಚಿ ಕೊಟ್ಟಳು. ಲಾವಂಚದ ಬೇರು, ತಕ್ಷಣ. ಅರಳಿನ ಹಿಟ್ಟು, ತಕ್ಷಣ.

ನಾನು ನಗುತ್ತಿದ್ದವನು ನಿಂತೆ. ಈ ಮೂರೂ ಬಿಡಿಬಿಡಿಯಾಗಿ ಏನೂ ಅಲ್ಲ. ಒಟ್ಟಿಗೆ ಹೋದರೆ ಅದು ನಮ್ಮ ಅಂಗಡಿಯ ಬಯಕೆ ಪೊಟ್ಟಣ. ಬಸುರಿಯರಿಗೆ ಮೊದಲ ತಿಂಗಳುಗಳಲ್ಲಿ ಓಕರಿಕೆ ತಡೆಯಲಿ ಎಂದು ದೊಡ್ಡಮ್ಮ ಕಟ್ಟಿಕೊಡುವಂಥದು, ಬೀದಿಯ ಹೆಂಗಸರಿಗೆಲ್ಲ ಗೊತ್ತಿರುವಂಥದು. ಅವಳು ಒಂದಕ್ಷರ ಆಡಿರಲಿಲ್ಲ, ನಾನು ಡಬ್ಬಿಗಳ ಮುಖ ಕೂಡ ನೋಡಿರಲಿಲ್ಲ. ಕೈ ಎಷ್ಟು ಬೇಗ ಬಂತು ಎಂಬುದೊಂದರಿಂದಲೇ ನನಗೆ ತಿಳಿದುಹೋಯಿತು. ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡು ಟೀಚರಮ್ಮನ ಮಗ್ಗಿಯ ರಾಗದಲ್ಲಿ, "ನೆಲ್ಲೀ... ಲಾವಂಚಾ... ಅರಳೂ..." ಎಂದು ಎಳೆದೇಬಿಟ್ಟಿತು.

ದೊಡ್ಡಮ್ಮ ಎದ್ದು ಬಂದು ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಲಾವಂಚದ ವಾಸನೆ.

ಒಳಗೆ ಕರೆದುಕೊಂಡು ಹೋಗಿ ಹೇಳಿದಳು. ಟೀಚರಮ್ಮನಿಗೆ ಮದುವೆಯಾಗಿ ಬಹಳ ವರ್ಷ. ಹಿಂದೆ ಎರಡು ಸಲ ನಿಂತಿತ್ತು, ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಓರಗಿತ್ತಿ ಕೆಟ್ಟವಳಲ್ಲ. ಸಂತೋಷ ತಡೆಯಲಾರದೆ ಎರಡು ಸಲವೂ ಶಿರಾಕ್ಕೆ ಹೋಗಿ ಟೀಚರಮ್ಮನ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಹೋದ ಮೇಲೆ ಆ ಬೀದಿಯೆಲ್ಲ ಸಮಾಧಾನ ಹೇಳಲು ಮನೆಗೆ ಬಂತು.

"ಬಂದೋರ್ಗೆಲ್ಲ ಕಾಫಿ ಮಾಡ್ಕೊಡ್ತಾ ಕೂತಿದ್ದೆ ಕಣಮ್ಮ, ಅಳಾಕೂ ಪುರುಸೊತ್ತಾಗ್ಲಿಲ್ಲ ಅಂದ್ಲು ಕಣ್ಲಾ. ಈ ಸಲ ಮೂರು ತಿಂಗಳು ತುಂಬೋಗಂಟ ಗಂಡನ್ಗೂ ನಂಗೂ ಬುಟ್ರೆ ಯಾರ್ಗೂ ಗೊತ್ತಾಗ್ಬಾರ್ದು ಅಂತ ಕೈ ಹಿಡ್ಕೊಂಡು ಹೇಳೌಳೆ. ಈಗ ನಿಂಗೂ ಗೊತ್ತಾಯ್ತು. ಯಾರಂದ್ರು ನಿಂಗೆ?"

"ನಿನ್ ಕೈ ಅಂತು, ದೊಡ್ಡಮ್ಮ."

ಅವಳು ತನ್ನ ಕೈಯನ್ನು ತಿರುವಿ ನೋಡಿಕೊಂಡಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಊರಿನ ದನಿಗಳೆಲ್ಲ ತುಂಬಿರುವ ಗಂಟಲಿಗೆ ಇಂಥ ಗುಟ್ಟು ಬಿದ್ದದ್ದಕ್ಕೆ ನನಗೇ ಭಯವಾಗಿತ್ತು.

ಮುಂದಿನ ಸಲ ಟೀಚರಮ್ಮ ಬಂದು ಹೋದ ಸ್ವಲ್ಪ ಹೊತ್ತಿಗೇ ಓರಗಿತ್ತಿ ಬಂದರು. ನಾನು ಒಳಗೆ ಮಂಡಕ್ಕಿ ತಿನ್ನುತ್ತಿದ್ದೆ, ಬಾಗಿಲ ಸಂದಿಯಲ್ಲಿ ಎಲ್ಲ ಕಾಣುತ್ತಿತ್ತು. ನಮ್ಮ ಓರಗಿತ್ತಿ ಬಂದಿದ್ಲಂತೆ, ಏನು ತಗೊಂಡೋದ್ಲು, ಎಂದು ಕೇಳಿದರು. ಊದುಬತ್ತಿ, ಅಂದಳು ದೊಡ್ಡಮ್ಮ. ಹಾಗಾ, ಅಂತ ಅವರು ಗಲ್ಲೆಗೆ ಮೊಣಕೈ ಊರಿದರು. ಮದುವೆಯಾಗಿ ಬಂದಾಗಿನಿಂದ ಈ ಅಂಗಡಿಯಲ್ಲೇ ಸಾಮಾನು ಕೊಂಡವರು, ದೊಡ್ಡಮ್ಮ ಸ್ಟೂಲು ಹತ್ತುವುದು ಯಾವಾಗ, ಹತ್ತದಿರುವುದು ಯಾವಾಗ ಎಂದು ಅವರಿಗೆ ತಿಳಿಯದೇ?

ಒಸಿ ನೆಲ್ಲಿ ಅಡಕೆ ಕೊಡಿ, ಅಂದರು. ದೊಡ್ಡಮ್ಮನ ಕೈ ಕೂತಲ್ಲಿಂದಲೇ ಹೋಯಿತು. ಹಂಗೇ ಒಸಿ ಲಾವಂಚ. ಮತ್ತೆ ಕೈ ಹೋಯಿತು. ಓರಗಿತ್ತಿಯ ಕಣ್ಣು ಅರಳಿತು. ಅದರಲ್ಲಿ ಕೆಡುಕಿರಲಿಲ್ಲ, ಅಪ್ಪಟ ಆಸೆಯಿತ್ತು, ಅದೇ ಹೆಚ್ಚು ಅಪಾಯದ್ದು. ಮೂರನೆಯದು ಏನೆಂದು ನನಗೆ ಗೊತ್ತಿತ್ತು. ಅವರು ಕೇಳಿದರು. ಅರಳಿನ ಹಿಟ್ಟು.

ಹಿತ್ತಲ ಕಡೆ ಮುಖ ತಿರುಗಿಸಿ ಹೂವಮ್ಮನಾಗಿ ಕೂಗಿದೆ. "ಅಮ್ಮೋ, ಕನಕಾಂಬರ ತಂದಿವ್ನಿ, ಎದ್ದು ಬಾರವ್ವಾ."

ಹಲಗೆಯ ಕಡೆಗೆ ಅರ್ಧ ಹೋಗಿದ್ದ ಕೈ ನಿಂತಿತು. ದೊಡ್ಡಮ್ಮ ಎದ್ದಳು. ಎದ್ದವಳು ಹಿತ್ತಲಿಗೆ ಬರಲಿಲ್ಲ, ಸ್ಟೂಲು ಹತ್ತಿ ಅಟ್ಟದ ಸಾಲಿನಲ್ಲಿ ಒಂದೊಂದೇ ಡಬ್ಬಿ ಬಿಚ್ಚಿ ಮೂಸುತ್ತಾ, ಎಲ್ಲಿಟ್ಟೆನೋ ಏನೋ, ವಯಸ್ಸಾಯ್ತು ನೋಡಮ್ಮ, ಎಂದು ಗೊಣಗಿದಳು. ಹುಡುಕಿದಳು, ಇಳಿದಳು, ಇನ್ನೊಂದು ಕಡೆ ಸ್ಟೂಲು ಹಾಕಿ ಮತ್ತೆ ಹತ್ತಿದಳು. ಓರಗಿತ್ತಿಯ ಮೊಣಕೈ ಗಲ್ಲೆಯಿಂದ ಮೆಲ್ಲಗೆ ಜಾರಿತು. ಬುಡಿ, ಇನ್ನೊಂದ್ಸಲ ತಗತೀನಿ, ಎಂದು ನೆಲ್ಲಿ, ಲಾವಂಚ ಹಿಡಿದು ಹೋದರು.

ದೊಡ್ಡಮ್ಮ ಸ್ಟೂಲಿನ ಮೇಲಿಂದಲೇ ನನ್ನನ್ನು ನೋಡಿದಳು. "ಹೂವಮ್ಮ ಮಗಳ ಮನೆಗೆ ಹೋಗಿ ವಾರ ಆಯ್ತು ಕಣ್ಲಾ. ಆ ಯಮ್ಮಂಗೆ ಅದು ನೆಪ್ಪಾಗಿದ್ರೆ? ಮಾಡಾದೇ ಆದ್ರೆ ಊರಲ್ಲಿರೋರ ದನಿ ಮಾಡು."

ಆಮೇಲೆ ಇಬ್ಬರೂ ಕೂತು ಯೋಚಿಸಿದೆವು. ನಾನು ಮೇಷ್ಟರ ಗತ್ತಿನಲ್ಲಿ ಒಂದೊಂದೇ ಉಪಾಯ ಹೇಳಿದೆ. ಡಬ್ಬಿಗಳನ್ನು ಆಗಿಂದಾಗ್ಗೆ ಮೇಲಿಟ್ಟುಬಿಡು ಅಂದೆ. ಮರೆತೋಗುತ್ತೆ ಅಂದಳು. ಗಿರಾಕಿ ಕೇಳುವವರೆಗೆ ಕೈ ಆಡಿಸಬೇಡ ಅಂದೆ. ಅದೇನು ನನ್ನ ಮಾತು ಕೇಳುತ್ತಾ, ಮನಸ್ಸಿಗಿಂತ ಮುಂಚೆ ಅದೇ ಹೋಗುತ್ತೆ, ಅಂದಳು. ನನಗೆ ಥಟ್ಟನೆ ವಳ್ಳೂರಿನ ಹುಡುಗಿ ಕಣ್ಣ ಮುಂದೆ ನಿಂತಳು. ಇಷ್ಟು ದಿನ ನಾನು ಯಜಮಾನ ಒಳ್ಳೆಯವನೋ ಕಳ್ಳನೋ ಎಂದು ತಲೆ ಕೆಡಿಸಿಕೊಂಡಿದ್ದೆ. ದೊಡ್ಡಮ್ಮನಿಗಿಂತ ನಂಬಿಕಸ್ಥ ಯಜಮಾನಿ ಇದ್ದಾಳೆಯೇ? ಅವಳ ಬಾಯಿ ಗಟ್ಟಿಯೇ. ಊಹೆಯ ಹಿಂದೆ ಓಡುವ ಕೈಗೆ ಮಾತ್ರ ಕಟ್ಟಪ್ಪಣೆ ತಲುಪುವುದಿಲ್ಲ. ಹಾಗಾದರೆ ಉಳಿದದ್ದು ಒಂದೇ ದಾರಿ. ಆ ಕೈ ಚಾಚಿದರೂ ಸಿಗದ ಕಡೆ ಡಬ್ಬಿ ಇರಬೇಕು.

ಮರುದಿನವೇ ಆ ಮೂರು ಡಬ್ಬಿ, ಜೊತೆಗೆ ಬಾಣಂತಿಯರ ಸಾಮಾನು, ನಾಲ್ಕು ಜನಕ್ಕೆ ಗೊತ್ತಾಗಬಾರದ ಇನ್ನೂ ಕೆಲವು ಸಾಮಾನುಗಳು ಅಂಗಡಿಯಿಂದಲೇ ಎದ್ದುಹೋದವು. ಅಡುಗೆಮನೆಯಾಚೆಯ ಚಿಕ್ಕ ಕೋಣೆ ಸೇರಿದವು. ಬಿಡಿಯಾಗಿ ನೆಲ್ಲಿ ಬೇಕೆಂದವರಿಗೂ ಒಳಗಿಂದಲೇ ತರಬೇಕು, ಎಲ್ಲರಿಗೂ ಒಂದೇ ತಡ. ಒಳಗೆ ಹೋಗುವಾಗ ಬಾಗಿಲು ಮುಂದೆ ಮಾಡಿಕೊಳ್ಳುವಳು, ಈಚೆಗೆ ಬರುವ ಮೊದಲು ಕೈ ತೊಳೆಯುವಳು. ಕೈ ತೊಳೆಯುವುದು ನನ್ನ ಉಪಾಯವಲ್ಲ, ಅವಳದು. ಲಾವಂಚ ಮುಟ್ಟಿದ ಕೈ ದಿನವೆಲ್ಲ ಚಾಡಿ ಹೇಳುತ್ತದಂತೆ.

ಇದಕ್ಕೆ ಅವಳು ತೆತ್ತದ್ದು ಕಡಿಮೆಯಲ್ಲ. ಬಾಯಿ ತೆರೆಯುವುದರೊಳಗೆ ಪೊಟ್ಟಣ ಕೊಡುತ್ತಿದ್ದ ಅಂಗಡಿ ಎಂಬ ಹೆಸರು ಹೋಯಿತು. ನಿಡುಗಲ್ಲಿನಿಂದ ಬರುತ್ತಿದ್ದ ಹಳೆಯ ಗಿರಾಕಿ ಮುದುಕರೊಬ್ಬರು, ಅಮ್ಮನ ಕೈ ನಿಧಾನವಾಯ್ತು, ಪಾಪ, ಅಂದರು. ಅವರು ಹೋದ ಮೇಲೆ ದೊಡ್ಡಮ್ಮ ತಕ್ಕಡಿಯನ್ನು ಸುಮ್ಮಸುಮ್ಮನೆ ಒರೆಸಿದಳು. ಒರೆಸಿದಲ್ಲೇ ಮತ್ತೆ ಒರೆಸಿದಳು.

ನಾನು ತರಗತಿಯಲ್ಲಿ ಯಾರ ಹೆಸರೂ ಊರೂ ಎತ್ತದೆ, ಡಬ್ಬಿಯಲ್ಲಿ ಏನಿತ್ತೆಂದೂ ಹೇಳದೆ, ಒಂದು ಅಂಗಡಿ, ಒಂದು ಹಲಗೆ, ಒಂದು ಅವಸರದ ಕೈ ಎಂದು ಹೇಳಿದೆ. ಬಚ್ಚಿಡಬೇಕಾದದ್ದು ಯಜಮಾನನಿಂದಲ್ಲ, ಅವನ ಅವಸರದಿಂದ. ಚಿಕ್ಕ ನಕ್ಷೆಯಲ್ಲಿ ಗುಟ್ಟಿನ ಮನೆಯೇ ಇಲ್ಲದಿದ್ದರೆ ಊಹೆ ತಪ್ಪಿದಾಗಲೂ ಕೈ ಅಲ್ಲಿಗೆ ಹೋಗಲಾರದು. ನಿಜವಾಗಿ ಬೇಕಾದಾಗ ದೊಡ್ಡ ನಕ್ಷೆ ಬಿಚ್ಚಿ, ಕೆಲಸ ಮುಗಿಸಿ, ಕೈ ತೊಳೆದು ಬರಬೇಕು.

ವಳ್ಳೂರಿನವಳು ಈ ಸಲ ತಲೆಯಾಡಿಸಿದಳು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಮತ್ತೆ ಎದ್ದಳು.

"ಯಾವ್ದು ಗುಟ್ಟು, ಯಾವ್ದು ಗುಟ್ಟಲ್ಲ ಅಂತ ಯಾರು ಹೇಳೋದು ಸಾರ್? ಎಲ್ಲಾನೂ ಒಳಗಿಟ್ರೆ ಅಂಗಡಿ ಯಾಕೆ? ಎಲ್ಲಾನೂ ಹೊರಗಿಟ್ರೆ ಅದೂ ಕಾದು, ಆಗಲ್ಲ."

ಕರ್ನಲ್ ಬರೆಯುವವರೂ ಇನ್ನೂ ಇದನ್ನೇ ಜಗಳವಾಡುತ್ತಿದ್ದಾರೆ, ನಕ್ಷೆ ಬದಲಿಸಿದಾಗಲೆಲ್ಲ ಹೊತ್ತು ಹಿಡಿಯುತ್ತದಲ್ಲ, ಎಂದು ನಿಜವನ್ನೇ ಹೇಳಿದೆ. ನನ್ನ ಸ್ವಂತ ದನಿಯಲ್ಲಿ. ತರಗತಿಗೆ ಅದು ಯಾರ ಮಿಮಿಕ್ರಿ ಎಂದು ತಿಳಿಯದೆ ಸ್ವಲ್ಪ ಹೊತ್ತು ಗೊಂದಲವಾಯಿತು.

ಅವಳ ಪ್ರಶ್ನೆ ಈ ಸಲ ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ, ಗಂಟಲಲ್ಲೇ ಕೂತಿತು. ದೊಡ್ಡಮ್ಮನ ಕೈ ಹೇಗೋ ನನ್ನ ಬಾಯಿ ಹಾಗೇ. ಟೀಚರಮ್ಮನ ರಾಗ ಹಲಗೆಯ ಮೇಲೇ ಇರುವಷ್ಟು ದಿನ ಅದು ಯಾವತ್ತಾದರೂ ಈಚೆಗೆ ಬರುತ್ತದೆ, ಬಂದಾಗ ನೆಲ್ಲಿ, ಲಾವಂಚ, ಅರಳನ್ನು ಹಿಂದೆಯೇ ಎಳೆದುಕೊಂಡು ಬರುತ್ತದೆ. ಹಾಗಾಗಿ ಅವರು ಬರುವ ಹೊತ್ತಿಗೆ ಹಿತ್ತಲಿಗೆ ಹೋಗಿ ಕೂರತೊಡಗಿದೆ. ಅವರ ಮಾತು ಕಿವಿಗೆ ಬೀಳದಂತೆ ಫೋನಿನಲ್ಲಿ ಕ್ರಿಕೆಟ್ ಕಾಮೆಂಟರಿ ಜೋರಾಗಿ ಹಾಕಿದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ, ಆ ಶಿರಾ ಟೀಚರದ್ದು ಮಾಡಪ್ಪಾ ಅಂದರೆ ತಾತನ ಸೀನು ಸೀನಿ ತಪ್ಪಿಸಿಕೊಂಡೆ. ದಿನ ಕಳೆದಂತೆ ಆ ರಾಗ ಮಸುಕಾಯಿತು. ಕಳೆದುಕೊಂಡೆ ಎಂದು ಬೇಸರವೂ ಆಯಿತು, ಸುಳ್ಳು ಹೇಳಲಾರೆ. ನನ್ನ ಅಂಗಡಿಯ ಒಳ್ಳೆಯ ಸಾಮಾನು ಅದು.

ಬೆಟ್ಟದ ಕಲ್ಲು ಕಾದು ಬೀದಿಗೆಲ್ಲ ಬಿಸಿ ಬಿಡುತ್ತಿದ್ದ ಒಂದು ಸಂಜೆ ಟೀಚರಮ್ಮ ಬಂದರು, ಓರಗಿತ್ತಿಯ ಜೊತೆಗೆ. ಒಂದೇ ಕೊಡೆಯ ಕೆಳಗೆ ಇಬ್ಬರೂ, ಕೊಡೆ ಹಿಡಿದದ್ದು ಓರಗಿತ್ತಿ. ನಾನು ಹಿತ್ತಲಿಗೆ ಎದ್ದೆ, ಯಾಕೆ ಏಳುತ್ತೇನೆಂದು ದೊಡ್ಡಮ್ಮನಿಂದ ಕೇಳಿ ತಿಳಿದಿದ್ದ ಟೀಚರಮ್ಮ ತಡೆದರು. ಬೀದಿಗೆ ಕೇಳುವ ಹಾಗೆ, ಗಲ್ಲೆಯ ಎದುರೇ ನಿಂತು, ಬಾಣಂತಿ ಸಾಮಾನು ಯಾವಾಗ ತಗೊಳ್ಳಬೇಕು ಎಂದು ದೊಡ್ಡಮ್ಮನನ್ನು ಕೇಳಿದರು. ಓರಗಿತ್ತಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ, ನಂಗೆ ಮೊದ್ಲೇ ಅನುಮಾನ ಇತ್ತು, ಆ ಅರಳಿನ ಹಿಟ್ಟು ಸಿಕ್ಕಿದ್ರೆ ಅವತ್ತೇ ಹಿಡಿದುಬುಡ್ತಿದ್ದೆ, ಅಂದರು. ಆಮೇಲೆ, ಸಿಗದಿದ್ದದ್ದೇ ಒಳ್ಳೇದಾಯ್ತು ಬುಡಿ, ಅಂದರು.

ದೊಡ್ಡಮ್ಮ ಒಳಗೆ ಹೋದಳು. ಬಾಗಿಲು ಮುಂದಾಯಿತು. ಈಗ ಮುಚ್ಚಿಡುವಂಥದು ಏನೂ ಇರಲಿಲ್ಲ, ಆದರೂ ನಾವು ಮೂವರೂ ಕಾದೆವು.

ಟೀಚರಮ್ಮ ನನ್ನ ಕಡೆ ತಿರುಗಿದರು. "ಊರಲ್ಲಿ ಎಲ್ಲರದ್ದೂ ಮಾಡ್ತೀಯಂತೆ. ನಂದೂ ಮಾಡ್ತಿದ್ದೆ ಅಂತ ಈ ಬೀದಿ ಮಕ್ಕಳು ಹೇಳ್ತಿದ್ರು. ಈಗ ಮಾಡು, ನೋಡೋಣ."

ಬಾಯಿ ತೆರೆದೆ. ಕಂಡಕ್ಟರ ಬಂದ, ಹೂವಮ್ಮ ಬಂದಳು, ತಾತ ಸೀನಲು ಸಿದ್ಧನಾಗಿ ನಿಂತ. ಟೀಚರಮ್ಮ ಮಾತ್ರ ಬರಲಿಲ್ಲ. ಹುಡುಕಿದೆ, ಅಟ್ಟದ ಸಾಲಿನವರೆಗೂ ಹುಡುಕಿದೆ. ಕೊನೆಗೆ ಬಂದದ್ದು ಒಂದು ಒಣ ಕೆಮ್ಮು.

"ನಿಮ್ದು ಬರಲ್ಲ ಟೀಚರೇ," ಅಂದೆ.

ಓರಗಿತ್ತಿ ಹೊಟ್ಟೆ ಹಿಡಿದು ನಕ್ಕರು. ಇಷ್ಟೇನಾ ಇವನ ಬಂಡವಾಳ, ಸುಮ್ನೆ ಹೆಸರು, ಅಂದರು. ಟೀಚರಮ್ಮ ನಗಲಿಲ್ಲ. ತರಗತಿಯಲ್ಲಿ ಸರಿಯುತ್ತರ ಕೊಟ್ಟ ಮಗುವನ್ನು ನೋಡುವಂತೆ ನನ್ನನ್ನು ನೋಡಿದರು. ಒಳಗಿಂದ ದೊಡ್ಡಮ್ಮ ಕೈ ತೊಳೆಯುವ ನೀರಿನ ಸದ್ದು ಕೇಳಿಸಿತು.